ನನ್ನ ಮಂಡಿನೋವನ್ನು ಹೇಳುತ್ತಿದ್ದವರು

ಮಕ್ಕಳೇ, ಹುಣಸೂರಿನ ಆಸ್ಪತ್ರೆಗೆ ಹೋದಾಗಲೆಲ್ಲ ನನ್ನ ಮಂಡಿನೋವನ್ನು ಡಾಕ್ಟರಿಗೆ ಹೇಳುತ್ತಿದ್ದವರು ನಿಮ್ಮ ತಾತ. ಆಗ ನಮ್ಮ ಕಡೆ ಹೆಂಗಸರು ಪರ ಗಂಡಸಿನ ಎದುರು ಮೈಯ ಕಷ್ಟ ಹೇಳಿಕೊಳ್ಳುತ್ತಿರಲಿಲ್ಲ. ನಾನು ಸೆರಗು ಹಿಡಿದು ಪಕ್ಕದಲ್ಲಿ ಕೂತಿರುತ್ತಿದ್ದೆ.

"ಹೊಗೆಸೊಪ್ಪು ಕಟ್ಟಿ ಏಳೋವಾಗ ಕಂಬ ಹಿಡ್ಕತಾಳೆ ಸಾ. ಕೇಳುದ್ರೆ ಏನಿಲ್ಲ ಅಂತಾಳೆ. ನಂಬ್ಬೇಡಿ," ಎನ್ನುತ್ತಿದ್ದರು. ನಾನು ನೆಲ ನೋಡುತ್ತ ನಗುತ್ತಿದ್ದೆ. ನಾನು ಏಳುವುದನ್ನು ಅವರು ಯಾವಾಗ ನೋಡಿದ್ದರೋ!

ಅವರು ತೀರಿಹೋದ ಮೇಲೆ ಡಾಕ್ಟರು ಕೇಳಿದರೆ "ಪರವಾಗಿಲ್ಲ" ಎಂದು ಮಾತ್ರೆ ಹಿಡಿದು ಬರುತ್ತಿದ್ದೆ. ಮಂಡಿ ಊದುತ್ತಲೇ ಹೋಯಿತು.

ಈ ಸಲ ಡಾಕ್ಟರನ್ನು ಕಾಣುವ ಮೊದಲು ನರ್ಸಮ್ಮ ಒಂದು ಫೋನನ್ನು ನನ್ನ ಮುಂದಿಟ್ಟಳು. ರೋಗಿಯ ಕಷ್ಟವನ್ನು ಕೇಳಿ, ಅರ್ಥಮಾಡಿಕೊಂಡು, ಡಾಕ್ಟರಿಗೆ ಬರೆದುಕೊಡುವ ಎಐ ಅದರಲ್ಲಿದೆಯಂತೆ.

"ಹೇಳಿ ಅಜ್ಜಿ, ನೋವು ಹೆಂಗೈತೆ?" ಎಂದಳು ನರ್ಸಮ್ಮ.

"ಏನಿಲ್ಲ ಕಣವ್ವ."

ಫೋನು ಹಾಗೆಯೇ ನಂಬಿ, 'ನೋವಿಲ್ಲ' ಎಂದು ಬರೆಯಿತು. ಜೊತೆಗೆ ಬಂದಿದ್ದ ನಿಮ್ಮಮ್ಮ ಓದಿ ಹಣೆ ಚಚ್ಚಿಕೊಂಡಳು. "ಅಯ್ಯೋ ಅತ್ತೆ! ನೋವಿಲ್ದಿದ್ರೆ ಬಸ್ ಅತ್ತೋವಾಗ ನನ್ ತೋಳ್ಯಾಕೆ ಕಿತ್ತಾಕುದ್ರಿ? ಇದ್ನ ನೋಡಿ ಡಾಕ್ಟ್ರು ಮನೆಗೋಗಿ ಅಂತಾರೆ ಅಷ್ಟೇಯ!"

ನಂಬಬೇಡಿ ಎನ್ನಲು ಪಕ್ಕದಲ್ಲಿ ನಿಮ್ಮ ತಾತ ಇರಲಿಲ್ಲ.

ನರ್ಸಮ್ಮ ಮತ್ತೆ ಗುಂಡಿ ಒತ್ತಿದಳು. ಈ ಬಾರಿ ಫೋನೇ ಕೇಳಿತು: "ಮಂಡಿಯಿಂದಾಗಿ ನಿಮಗೆ ಏನು ಮಾಡಲು ಆಗುತ್ತಿಲ್ಲ?"

ಅದಕ್ಕೆ ಕಣ್ಣಿಲ್ಲವಲ್ಲ ಎಂದೋ ಏನೋ, ನಾಚಿಕೆ ಸ್ವಲ್ಪ ಸಡಿಲವಾಯಿತು.

"ಸೊಪ್ಪು ಬೇಯ್ಸೋ ಬ್ಯಾರನ್ ಮುಂದೆ ಎಲ್ರೂ ನೆಲದ ಮ್ಯಾಲೆ ಕುಂತು, ಸೊಪ್ಪು ಕಟ್ಕಂಡು ನಗ್ತಿರ್ತಾರೆ. ನಾನೊಬ್ಳೇ ಜಗಲಿ ಮ್ಯಾಲೆ. ಕೆಳಗೆ ಕುಂತ್ರೆ ಏಳಕ್ಕಾಗಲ್ಲ, ಕಂಬ ಹಿಡ್ಕಬೇಕು," ಎಂದೆ. ಕಂಬದ ಮಾತು ನನ್ನದಲ್ಲ, ನಿಮ್ಮ ತಾತನದು ಎಂದು ಆಮೇಲೆ ಹೊಳೆಯಿತು.

ಡಾಕ್ಟರು ಫೋನು ಬರೆದುಕೊಟ್ಟಿದ್ದನ್ನು ಓದಿದರು. ನನ್ನನ್ನು ಕುರ್ಚಿಯಿಂದ ಎಬ್ಬಿಸಿ, ಕೂರಿಸಿ, ಮಂಡಿ ಒತ್ತಿ ನೋಡಿ, ಎಕ್ಸರೇಗೆ ಕಳಿಸಿದರು. ನೆಲದ ಮೇಲೆ ಕೂರಲೇಬಾರದು, ದಿನವೂ ಕಾಲು ಚಾಚಿ ವ್ಯಾಯಾಮ ಮಾಡಬೇಕು ಎಂದರು. "ಸ್ಟೂಲ್ ಹಾಕ್ಕೊಂಡಾದ್ರೂ ಸೊಪ್ಪು ಕಟ್ಟೋರ ಜೊತೇಲೇ ಕೂತ್ಕೊಳ್ಳಿ ಅಜ್ಜಿ."

ಈಗ ಬ್ಯಾರನ್ ಮುಂದೆ ನನ್ನದೂ ಒಂದು ಸ್ಟೂಲಿದೆ. "ರಾಣಿಯಮ್ಮ ಬಂದ್ರು, ಜಾಗ ಬುಡ್ರೇ," ಎಂದು ಹೆಂಗಸರು ಆಡಿಕೊಳ್ಳುತ್ತಾರೆ. ಏಳುವಾಗ ಯಾರಾದರೂ "ನೋಯ್ತದಾ?" ಎಂದರೆ, ತುಟಿಗೆ ಬಂದ 'ಏನಿಲ್ಲ'ವನ್ನು ನುಂಗಿಕೊಂಡು, "ಊಂ ಕಣವ್ವ, ನೋಯ್ತದೆ," ಎನ್ನುತ್ತೇನೆ. ಆಮೇಲೆ ಸುಮ್ಮನೆ ಪಕ್ಕಕ್ಕೊಮ್ಮೆ ನೋಡುತ್ತೇನೆ.