ಈರಣ್ಣ ಕಾಕಾ ಮತ್ತು ನಾನು ಅಳಿಸಿದ ಪುಟ

ಕೈಗೆ ಸಿಕ್ಕಿದ್ದನ್ನೆಲ್ಲ ಎರಡು ಬೆರಳ ನಡುವೆ ಹಿಡಿದು ಹೊಸೆದು ನೋಡುವುದು ಈರಣ್ಣ ಕಾಕಾರ ಚಾಳಿ. ಮೌಸಿನ ವೈರು, ಬಸ್ಸಿನ ಟಿಕೀಟು, ನನ್ನ ಓಢಣಿಯ ಅಂಚು, ಯಾವುದನ್ನೂ ಬಿಡುತ್ತಿರಲಿಲ್ಲ. ಇಳಕಲ್ಲಿನಲ್ಲಿ ಮೂವತ್ತು ವರ್ಷ ಸೀರೆ ನೇಯ್ದ ಬೆರಳು ಅವು. ಮಗ್ಗ ನಿಂತ ಮೇಲೆ ನಮ್ಮ ಸಂಸ್ಥೆಗೆ ಬಂದರು. ದೊಡ್ಡ ಊರಿನ ಕಚೇರಿಗಳು ಬಿಟ್ಟ ಕಂಪ್ಯೂಟರು ತರಿಸಿ, ದುರಸ್ತಿ ಮಾಡಿ, ಮಕ್ಕಳು ಕಲಿಯಲೆಂದು ಹಳ್ಳಿ ಸಾಲಿಗಳಿಗೆ ಪುಕ್ಕಟೆ ಕೊಡುವುದು ನಮ್ಮ ಕೆಲಸ. ಕಾಕಾ ಅವುಗಳ ಧೂಳು ಕೊಡವಿ, ತುಂಡಾದ ವೈರು ಕೂಡಿಸುತ್ತಿದ್ದರು.

ಸಾಲಿಗಳು ಅರ್ಜಿ ಹಾಕುತ್ತಿದ್ದುದು ನಮ್ಮ ವೆಬ್‌ಸೈಟಿನಲ್ಲಿ. ಅದು ನೋಡಲು ಅಸಡ್ಡಾಳವಾಗಿತ್ತು. ಹೊಸದು ಮಾಡಲು ನಾನು ಕೂತೆ. ನನಗಾಗ ಇಪ್ಪತ್ಮೂರು, ಮೈತುಂಬ ಸೊಕ್ಕು. ಕಾಕಾ ಬೆನ್ನ ಹಿಂದೆ ನಿಂತು ಕೇಳಿದರು, "ಯವ್ವಾ, ಹಳೇ ಎಳಿ ಹಣಗ್ಯಾಗ ಬಿಟ್ಟೀಯೋ ಇಲ್ಲೋ?"

ಸೀರೆ ಇಳಿಸಿದ ಮೇಲೂ ನೇಕಾರರು ಹಳೆಯ ಎಳೆಗಳ ತುದಿಯನ್ನು ಮಗ್ಗದ ಹಣಿಗೆಯಲ್ಲೇ ಬಿಡುತ್ತಾರೆ. ಮುಂದಿನ ಸೀರೆಯ ಹಾಸಿನ, ಅಂದರೆ ಉದ್ದನೂಲಿನ, ಒಂದೊಂದು ಎಳೆಯನ್ನೂ ಅವಕ್ಕೆ ಹೊಸೆದು ಕೂಡಿಸುತ್ತಾರೆ. ನನಗೆ ಗೊತ್ತಿತ್ತು. ಆದರೂ, "ಕಾಕಾ, ಇದು ಸೀರಿ ಅಲ್ಲ, ಸುಮ್ಮನ ಕುಂದರ್ರಿ" ಅಂದೆ. ಹಳೆಯ ಪುಟಗಳನ್ನೆಲ್ಲ ಅಳಿಸಿಬಿಟ್ಟೆ.

ಶನಿವಾರ ಸಂಜೆ ಐದಕ್ಕೆ ಅರ್ಜಿಯ ಗಡುವು. ಗುರುವಾರ ಮುಗಿದರೂ ಒಂದೂ ಬರಲಿಲ್ಲ. ಶುಕ್ರವಾರ ಬೆಳಿಗ್ಗೆ ಹುನಗುಂದದ ಸೈಬರ್ ಕೆಫೆಯಿಂದ ಒಬ್ಬ ಮಾಸ್ತರರು ಫೋನು ಮಾಡಿದರು: "ಅಕ್ಕಾರ, ನೀವು ಪತ್ರದಾಗ ಕೊಟ್ಟ ವಿಳಾಸ ಹೊಡದ್ರ ಏನೂ ಬರವಲ್ದು. ಬಂದ್ ಮಾಡೀರೇನು?"

ಆಗಲೇ ನನಗೆ ಹೊಳೆದದ್ದು. ಎಲ್ಲ ಸಾಲಿಗಳಿಗೂ ನಾವು ಬರೆದು ಕಳಿಸಿದ್ದು ಅಳಿಸಿದ ಪುಟದ ವಿಳಾಸ. ಸರಿಮಾಡಲು ಕೂತರೆ ಕರೆಂಟು ಹೋಯಿತು; ಸೈಟಿನ ಕೆಲಸವೆಲ್ಲ ಇದ್ದುದು ಆಫೀಸಿನ ಆ ಒಂದು ಕಂಪ್ಯೂಟರಿನಲ್ಲೇ. ಶನಿವಾರ ಸಂಜೆವರೆಗೂ ಬರಲಿಲ್ಲ. ಹಳ್ಳಿ ಸಾಲಿಗಳಿಗೆ ಫೋನೂ ಇರಲಿಲ್ಲ. ನಾನು ಅಳುತ್ತ ಕೂತೆ. ಕಾಕಾ ಬೈಯಲಿಲ್ಲ. ಕಪಾಟಿನಿಂದ ಹಿಂದಿನ ಕಾಗದದ ಫಾರ್ಮುಗಳ ಕಟ್ಟು ತೆಗೆದರು. "ನಾ ಇವನ್ನ ಒಗದಿರಲಿಲ್ಲ" ಅಂದವರೇ ಶುಕ್ರವಾರವೇ ಹುನಗುಂದದ ಬಸ್ಸು ಹಿಡಿದರು. ಎರಡು ದಿನ ಆ ಸೈಬರಿನ ಮೆಟ್ಟಿಲ ಮೇಲೆ ಕೂತು, ನಿರಾಸೆಯಿಂದ ಹೊರಬಂದ ಮಾಸ್ತರರನ್ನೆಲ್ಲ ಹಿಡಿದು ನಿಲ್ಲಿಸಿ ಅರ್ಜಿ ಬರೆಸಿದರು.

ಶನಿವಾರ ಐದಕ್ಕೆ ಹತ್ತು ನಿಮಿಷವಿದ್ದಾಗ ಆರು ಅರ್ಜಿ ತಂದು ನನ್ನ ಮುಂದಿಟ್ಟರು. ಅವರ ಮೊಮ್ಮಗಳ ಸಾಲಿಯದು ಇರಲಿಲ್ಲ.

"ಆ ಹೆಡ್‌ಮಾಸ್ತರ ಗುರುವಾರನ ಸೈಬರಿಗೆ ಬಂದು ಹೊಳ್ಳಿ ಹೋಗ್ಯಾರಂತ."

"ನಾನ ಬರದು ಸೇರಸ್ತೇನಿ ಕಾಕಾ. ಯಾರಿಗೂ ಗೊತ್ತಾಗೂದಿಲ್ಲ."

"ಬ್ಯಾಡವಾ. ಗುರುವಾರ ಹೊಳ್ಳಿ ಹೋದವರು ಅವರೊಬ್ರ ಅಲ್ಲ."

ಮರುವರ್ಷದ ಕಂಪ್ಯೂಟರುಗಳ ಲಾರಿ ಬರುವ ಮೊದಲೇ ಕಾಕಾ ತೀರಿಕೊಂಡರು. ಮೊಮ್ಮಗಳ ಸಾಲಿಗೆ ಕಂಪ್ಯೂಟರು ಮುಟ್ಟಿಸಲು ನಾನೇ ಹೋದೆ. ಅವಳು ಪೆಟ್ಟಿಗೆ ಸವರುತ್ತ, "ಇದು ಹೋದ ವರ್ಷನ ಬರಬೇಕಿತ್ರಿ. ನಿಮ್ಮ ಆಫೀಸಿನ್ಯಾಗ ಕರೆಂಟ್ ಇರಲಿಲ್ಲಂತ, ಮುತ್ಯಾ ಹೇಳಿದ್ದ" ಅಂದಳು.

"ಕರೆಂಟಿಂದಲ್ಲವಾ. ತಪ್ಪು ನಂದಿತ್ತು" ಅಂದೆ. ಕಾಕಾರ ಎದುರು ಆ ಮಾತನ್ನು ನಾನು ಒಮ್ಮೆಯೂ ಆಡಿರಲಿಲ್ಲ.