ಮಾದಯ್ಯನ ದನಿ

ಗೂಡಲೂರು ಬಸ್ ಸ್ಟ್ಯಾಂಡಿನಲ್ಲಿ ಮಾದಯ್ಯ ಒಮ್ಮೆ "ತೊರಪಳ್ಳಿ, ತೆಪ್ಪಕಾಡು, ಮಸಿನಗುಡಿ!" ಎಂದು ಕೂಗಿದನೆಂದರೆ, ಹೋಟೆಲಿನಲ್ಲಿ ಟೀ ಕುಡಿಯುತ್ತಿದ್ದವರೂ ಲೋಟ ಕೆಳಗಿಟ್ಟು ಓಡಿಬರುತ್ತಿದ್ದರು. ಮೈಸೂರು ಕಡೆಯಿಂದ ಬಂದು ಮಸಿನಗುಡಿಯಲ್ಲಿ ನೆಲೆಸಿದ ಮನೆತನ ಅವನದು. ಬಸ್ಸಿನಲ್ಲಿ ತಮಿಳು, ಮಲಯಾಳ, ಮನೆಯಲ್ಲಿ ಕನ್ನಡ. ಯಾವುದಾದರೂ ಅದೇ ತುಂಬು ದನಿ. ಕಾಡಿನ ದಾರಿಗೆ ಆನೆ ಅಡ್ಡ ಬಂದು ಬಸ್ಸು ನಿಂತಾಗ, ಅಳುವ ಮಕ್ಕಳನ್ನು ಪಿಸುಮಾತಿನಲ್ಲೇ ಸುಮ್ಮನಾಗಿಸುವುದೂ ಆ ಕಂಡಕ್ಟರನಿಗೆ ಗೊತ್ತಿತ್ತು.

ಆ ಗಂಟಲಿಗೇ ಕ್ಯಾನ್ಸರ್ ಬಂತು. ಧ್ವನಿಪೆಟ್ಟಿಗೆ ತೆಗೆಯದೆ ಬೇರೆ ದಾರಿಯಿಲ್ಲ ಎಂದರು ಡಾಕ್ಟರು. ಆಪರೇಷನ್ನಿಗೆ ಹೊರಡುವ ಮುಂಚೆ ಮಗಳು ರಮ್ಯಾ ಅವನನ್ನು ಮನೆಯ ಕಂಪ್ಯೂಟರಿನ ಮುಂದೆ ಕೂರಿಸಿ ಮೈಕು ಹಿಡಿದಳು.

"ಏನ್ ಮಾತಾಡ್ಲಿ ಮಗ?"

"ದಿನಾ ಏನ್ ಮಾತಾಡ್ತೀಯೋ ಅದೇಯ ಅಪ್ಪ."

"ಲಿಂಗಾಜಿ, ಕಾಪಿ ಕೊಡು" ಎಂದ. "ಸಾರ್ಗೆ ಉಪ್ಪು ಕಮ್ಮಿ" ಎಂದ. "ಯಾಕ್ ಮಗ ಸಪ್ಪಗಿದ್ದೀಯ?" ಎಂದ. ಹೀಗೇ ಒಂದು ಸಂಜೆಯೆಲ್ಲ ಮಾತಾಡಿದ.

ಆಸ್ಪತ್ರೆಯಿಂದ ಬಂದ ಮೇಲೆ ಅವನು ಕಂಪ್ಯೂಟರಿನಲ್ಲಿ ರೆಕಾರ್ಡಾಗಿದ್ದ ತನ್ನ ದನಿಯ ಒಂದೊಂದೇ ಮಾತನ್ನು ಒತ್ತಿ ಕೇಳಿಸುವನು. ಒಳಗಿನಿಂದ ಹೆಂಡತಿ ಲಿಂಗಾಜಮ್ಮ "ತತ್ತೀನಿ ಇರಿ" ಎಂದು ಓಗೊಡುವಳು. ಸಾರು ಸರಿಯಿದ್ದ ದಿನವೂ ಉಪ್ಪಿನ ಮಾತು ಒತ್ತಿ ಅವಳನ್ನು ಕೆಣಕುತ್ತಿದ್ದ.

ಹೋದ ಮಳೆಗಾಲದಲ್ಲಿ ಕರೆಂಟು ಹೋಗಿ ಬಂದು ಮಾಡಿ ಕಂಪ್ಯೂಟರ್ ಕೆಟ್ಟಿತು. ಆನ್ ಮಾಡಿದರೆ ನೀಲಿ ಪರದೆ, ತಾನೇ ಆಫ್, ಮತ್ತೆ ನೀಲಿ ಪರದೆ. ವಿಂಡೋಸ್ ಹೊಸದಾಗಿ ಹಾಕಬೇಕೆಂದಳು ರಮ್ಯಾ. ಕಾಲೇಜಿನಲ್ಲಿ ಕಲಿತಿದ್ದ ಕೆಲಸವೇ. ಅಪ್ಪನ ದನಿಯನ್ನು ಅವಳೇ ಡಿ ಡ್ರೈವಿನಲ್ಲಿ ಜೋಪಾನ ಮಾಡಿದ್ದಳು. ಹಾಗಾಗಿ ಪೆನ್ ಡ್ರೈವ್ ಚುಚ್ಚಿ, ಸಿ ಡ್ರೈವನ್ನಷ್ಟೇ ಆರಿಸಿ ಫಾರ್ಮ್ಯಾಟ್ ಕೊಟ್ಟು ಅದರಲ್ಲಿದ್ದುದನ್ನೆಲ್ಲ ಅಳಿಸಿದಳು. ಮಾದಯ್ಯ ಪಕ್ಕದಲ್ಲೇ ಕುಳಿತು ನೋಡುತ್ತಿದ್ದ.

ಕಂಪ್ಯೂಟರ್ ಚೆನ್ನಾಗಿಯೇ ಎದ್ದಿತು. ಡಿ ಡ್ರೈವ್ ತೆರೆದಳು. ಅಪ್ಪನ ಫೋಲ್ಡರ್ ಇರಲಿಲ್ಲ.

ಮಾದಯ್ಯ ಖಾಲಿ ಪರದೆಯ ಮೂಲೆಗೆ ಬೆರಳಿಟ್ಟು ತೋರಿಸಿದ. ಬೇಗ ಕೈಗೆ ಸಿಗಲೆಂದು ಅವನೇ ಅದನ್ನು ಕಟ್ ಮಾಡಿ ಡೆಸ್ಕ್‌ಟಾಪಿಗೆ ತಂದಿಟ್ಟುಕೊಂಡಿದ್ದ. ಅಲ್ಲಿರುವುದೆಲ್ಲ ಸಿ ಡ್ರೈವಿನದೇ ಎಂದು ಅವನಿಗೆ ತಿಳಿಯದು. ಅಲ್ಲಿ ಕಾಣುತ್ತಿದ್ದುದು ಡಿ ಡ್ರೈವಿನ ಫೋಲ್ಡರಿಗೆ ದಾರಿ ತೋರುವ ಬರೀ ಶಾರ್ಟ್‌ಕಟ್ ಎಂದುಕೊಂಡಿದ್ದಳು ರಮ್ಯಾ.

ರಮ್ಯಾ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು. ಮಾದಯ್ಯ ಪೇಪರಿನ ಅಂಚಿನಲ್ಲಿ ಬರೆದು ಅವಳ ಮುಂದೆ ಸರಿಸಿದ. ಓದಿದ್ದು ತಮಿಳು ಶಾಲೆಯಾದ್ದರಿಂದ ಕನ್ನಡದ ಮಾತನ್ನೂ ಅವನು ತಮಿಳು ಅಕ್ಷರದಲ್ಲೇ ಬರೆಯುತ್ತಿದ್ದ. "ಎತ್ತಿಟ್ಟೋನು ನಾನು. ನಿಂದೇನೂ ತಪ್ಪಿಲ್ಲ ಮಗ."

ಕಂಪ್ಯೂಟರನ್ನು ಊಟಿಗೆ ಹೊತ್ತೊಯ್ದರು. ಹಳೆಯದರ ಮೇಲೇ ಹೊಸದು ಕೂತುಬಿಟ್ಟಿದೆ ಎಂದರು ಅಂಗಡಿಯವರು. ಸಿಕ್ಕ ಒಂದೆರಡು ತುಣುಕಿನಲ್ಲಿ ಗೊರಗೊರ ಸದ್ದು ಬಿಟ್ಟರೆ ಏನೂ ಇರಲಿಲ್ಲ. ನೆಂಟರ ಮದುವೆಯ ವಿಡಿಯೊಗಳನ್ನೆಲ್ಲ ತರಿಸಿ ನೋಡಿದರು. ಓಲಗದ ಅಬ್ಬರದಲ್ಲಿ ಮಾದಯ್ಯನ ಬಾಯಿ ಆಡುತ್ತಿತ್ತು, ಅಷ್ಟೆ.

ಬರೆದದ್ದನ್ನು ಓದಿ ಹೇಳುವ ಯಂತ್ರದ ದನಿಯನ್ನು ರಮ್ಯಾ ಹಾಕಿಕೊಟ್ಟಳು. ವಾರ್ತೆ ಓದುವವರ ಹಾಗೆ ಅದು ಸ್ಪಷ್ಟವಾಗಿ ಕಾಫಿ ಕೇಳಿತು. ಲಿಂಗಾಜಮ್ಮ ಬಾಗಿಲಲ್ಲೇ ನಿಂತುಬಿಟ್ಟಳು.

"ಯಾರೋ ಆಪೀಸ್ನೋರು ಮನೇಗ್ ಬಂದಂಗದೆ. ನಿಲ್ಸವ್ವ ಅದ."

ಅಂದಿನಿಂದ ಅವಳೇ ಅವನ ತುಟಿ ನೋಡಿ ಮಾತು ಹಿಡಿಯತೊಡಗಿದಳು. ಫೋನ್ ಬಂದರೆ ಸ್ಪೀಕರ್ ಹಾಕಿ ಅವನ ಎದುರು ಕೂರುವಳು. "ಮಳೆ ಆಯ್ತಾ ಅಂತ ಕೇಳ್ತಾವ್ರೆ" ಎಂದು ಅವನ ಮಾತನ್ನು ಫೋನಿಗೆ ಹೇಳುವಳು. ಕೆಲವೊಮ್ಮೆ ತಪ್ಪುವುದು. ಅವನು ತೊಡೆ ತಟ್ಟಿ ತಲೆಯಾಡಿಸಿದರೆ, "ತಾಳು, ಹಂಗಲ್ವಂತೆ" ಎಂದು ಮತ್ತೆ ಅವನ ತುಟಿ ನೋಡುವಳು.

ಮೊನ್ನೆ ತಾಯಿ ಮಗಳು ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದರು. ರಮ್ಯಾ ಮೆಲ್ಲಗೆ ಕೇಳಿದಳು, "ಅವ್ವ, ಅಪ್ಪನ್ ದನಿ ನಿಂಗೆ ಗ್ಯಾನ ಬತ್ತದಾ?"

ಲಿಂಗಾಜಮ್ಮನ ಕೈ ನಿಂತಿತು.

"ಮೊದ್ಲು ಕಣ್ ಮುಚ್ಚುದ್ರೆ ಬತ್ತಿತ್ತು. ಈಗೀಗ ಅವ್ರ್ ಮಾತೆಲ್ಲ ನನ್ ದನೀಲೇ ಬತ್ತದೆ ಕನವ್ವ."