ನಾಲ್ಕು ಕೀಲಿ, ಒಂದೇ ಕೈ

ನಮ್ಮ ಮೇಡಂ ತಮ್ಮ ನರೆತ ತುರುಬಿಗೆ ಸಿಕ್ಕಿಸುತ್ತಿದ್ದುದು ಕಡತದ ಕಾಗದ ಹಿಡಿಯುವ ಕರಿ ಕ್ಲಿಪ್ಪನ್ನು. ಕೋಪ ಬಂದರೆ ಅದನ್ನು ಕಿತ್ತು ಮೇಜಿಗೆ ಕುಟ್ಟುವರು. ಕೂದಲು ಹೆಗಲಿಗೆ ಸುರಿಯಿತೆಂದರೆ ದ್ವಾರಕಾ ನಗರದ ನಮ್ಮ ಇಡೀ ಕಚೇರಿ ಚಹಾ ಲೋಟ ಕೆಳಗಿಡುತ್ತಿತ್ತು.

ಅವರು ಧಾರವಾಡದವರು, ತೆಲುಗು ನಾಡಿಗೆ ಬಂದು ತೆಲುಗಿನಲ್ಲಿ ಜಗಳವಾಡಿದರೂ ದನಿ ಧಾರವಾಡದ್ದೇ. ನಾನು ತುಮಕೂರಿನವನು, ಅವರ ಕೈಕೆಳಗಿನ ಎಂಜಿನಿಯರು, ಆದರೆ ಚಿಂತೆಯೇ ನನ್ನ ನಿಜವಾದ ಕಸುಬು. ಬೆಳಗಿನ ರೈಲಿಗೆ ಹಿಂದಿನ ದಿನವೇ ಬೆವರುವ ಜಾತಿ. ತಲೆ ಬೋಳಾಗುತ್ತಿದ್ದ ನನ್ನನ್ನು ಅವರು "ತಮ್ಮಾ" ಎನ್ನುತ್ತಿದ್ದರು. "ತಮ್ಮಾ, ಚಿಂತಿಗೆ ಸಂಬಳ ಇದ್ದಿದ್ರ ನೀ ಎಂದೋ ಸಾವ್ಕಾರ ಆಗ್ತಿದ್ದಿ."

ಆಗ ನಮ್ಮ ಕಂಪನಿ ಸರ್ಕಾರಕ್ಕಾಗಿ ಜಮೀನಿನ ದಾಖಲೆಗಳನ್ನು ಬ್ಲಾಕ್‌ಚೈನಿಗೆ ಏರಿಸುತ್ತಿತ್ತು. ದೇಶಕ್ಕೆಲ್ಲ ಬ್ಲಾಕ್‌ಚೈನ್ ನೀತಿ ಬರೆಯುತ್ತಿದ್ದ ದೆಹಲಿಯ ಸಮಿತಿಯೊಂದು ನಮ್ಮದನ್ನು ಮಾದರಿಯೆಂದು ನೋಡಲು ವಿಜಯವಾಡಕ್ಕೆ ಬರುವುದಿತ್ತು. ಈ ತಂತ್ರಜ್ಞಾನದ ಜೀವಾಳ ಸರಳ: ಒಂದೇ ದಾಖಲೆಯ ಪ್ರತಿ ಬೇರೆ ಬೇರೆಯವರ ಬಳಿ ಇರಬೇಕು, ಒಬ್ಬ ಸುಳ್ಳು ಬರೆದರೆ ಉಳಿದವರು ಒಪ್ಪಬಾರದು. ನಮ್ಮಲ್ಲಿ ನಾಲ್ಕು ಇಲಾಖೆಗಳ ಹೆಸರಿನ ನಾಲ್ಕು ಯಂತ್ರಗಳೇನೋ ಇದ್ದವು. ನಾಲ್ಕರ ಕೀಲಿಯೂ, ಅಂದರೆ ಒಪ್ಪಿಗೆಯ ಗುಪ್ತ ಸಂಕೇತವೂ, ಒಬ್ಬನೇ ಸರ್ಕಾರಿ ಅಧಿಕಾರಿಯ ಕೈಯಲ್ಲಿ. ಅನುಕೂಲಕ್ಕಂತೆ! ಮೇಡಂ ಆಕ್ಷೇಪಿಸಿದಾಗಲೆಲ್ಲ "ಆಮೇಲೆ ನೋಡೋಣ" ಎಂಬ ಉತ್ತರ.

"ಇವತ್ತೊಂದಿನ ಸುಮ್ಮನಿದ್ದುಬಿಡಿ ಮೇಡಂ, ನಿಮ್ಮ ಕೆಲಸ ಹೋಗುತ್ತೆ," ಎಂದು ವಿಜಯವಾಡದ ರೈಲಿನಲ್ಲಿ ಬೇಡಿಕೊಂಡೆ.

"ನನ್ನ ಕೆಲಸ ಹೋದ್ರ ಒಂದ ಮನಿ, ತಮ್ಮಾ. ಇದು ಹಿಂಗ ಪಾಸಾದ್ರ ದೇಶದಾಗ ಎಷ್ಟ ಮಂದಿ ಹೊಲಾ ಹೋಗ್ತಾವು? ಅದನ್ನ ಚಿಂತಿ ಮಾಡು."

ಸಭೆಯಲ್ಲಿ ಅಧಿಕಾರಿ ಪರದೆಯ ಮುಂದೆ ನಿಂತು, ನಾಲ್ಕೂ ಸ್ವತಂತ್ರ ಸಾಕ್ಷಿಗಳು, ಒಮ್ಮೆ ಬರೆದದ್ದನ್ನು ಬ್ರಹ್ಮನೂ ಅಳಿಸಲಾರ ಎಂದು ವಿವರಿಸಿದರು. ಕ್ಲಿಪ್ಪು ಮೇಜಿಗೆ ಬಡಿದ ಸದ್ದಾಯಿತು. ನಾನು ಕಣ್ಣು ಮುಚ್ಚಿಕೊಂಡೆ. ತೆರೆದಾಗ ಮೇಡಂ ಅಧಿಕಾರಿಯ ಕುರ್ಚಿಯಲ್ಲಿ, ಅವರು ನಾಲ್ಕೂ ಕೀಲಿ ಹಾಕಿ ತೆರೆದಿಟ್ಟಿದ್ದ ಕಂಪ್ಯೂಟರಿನ ಮುಂದಿದ್ದರು. ಸಿಂಹಾಚಲ ಬೆಟ್ಟದ ಬುಡದಲ್ಲಿದೆಯೆಂದು ಪ್ರದರ್ಶನಕ್ಕಾಗಿ ಕಲ್ಪಿಸಿದ್ದ ಹೊಲವೊಂದಿತ್ತು. ಅದಕ್ಕೆ ತಮ್ಮ ಹೆಸರು ಬರೆದರು. ನಾಲ್ಕೂ ಯಂತ್ರಗಳು ಒಂದರ ಹಿಂದೊಂದು ‘ಸಮ್ಮತ’ ಎಂದವು.

ಇದೇನೆಂದು ಅಧಿಕಾರಿ ಹೌಹಾರಿದರು. "ಮೇಡಂ ಗಾರೂ, ಏಮಿಟಂಡಿ ಇದಿ?"

"ಮೀ ಸಿಸ್ಟಮೇ ಅಂಡಿ," ನಿಮ್ಮದೇ ವ್ಯವಸ್ಥೆ, ಎಂದರು ಮೇಡಂ. ಸಮಿತಿಯ ಕಡೆ ತಿರುಗಿ ಇಂಗ್ಲಿಷಿನಲ್ಲಿ ಹೇಳಿದರು: ಈ ಹೊಲ ಈಗ ನನ್ನದು, ನಾಲ್ಕು ಸಾಕ್ಷಿಗಳಿವೆ, ಬ್ರಹ್ಮನನ್ನು ಕರೆಸಿ.

ಸಂಜೆಯೊಳಗೆ ಅವರನ್ನು ಯೋಜನೆಯಿಂದ ತೆಗೆದರು. ವಾಪಸು ರೈಲಿನಲ್ಲಿ ಪುಳಿಹೋರದ ಹುಳಿಯನ್ನ ತಿನ್ನುತ್ತ "ಉಪ್ಪು ಕಡಿಮಿ" ಎಂದರು, ಅಷ್ಟೇ. ಆದರೆ ನೀತಿಯ ಕರಡಿನಲ್ಲಿ ಹೊಸ ಸಾಲೊಂದು ಬಂತು: ಪ್ರತಿ ಕೀಲಿಯೂ ಬೇರೆ ಬೇರೆ ಸಂಸ್ಥೆಯ ಕೈಯಲ್ಲಿರತಕ್ಕದ್ದು, ಒಂದಾದರೂ ಸರ್ಕಾರದ ಹೊರಗೆ.

ಕಳೆದ ವರ್ಷ ಎಂವಿಪಿ ಕಾಲೋನಿಯ ಮನೆಯಲ್ಲಿ, ಯಾರನ್ನೋ ಫೋನಿನಲ್ಲಿ ಬೈಯುತ್ತಿದ್ದಾಗಲೇ ಎದೆನೋವು ಬಂದು, ಮೇಡಂ ತೀರಿಹೋದರು. ಕಚೇರಿಯಲ್ಲಿ ಅವರ ಜಾಗಕ್ಕೆ ಈಗ ನಾನು, ದೇವರೇ ಕಾಪಾಡಬೇಕು.

ಹೋದ ತಿಂಗಳು ಅದೇ ಅಧಿಕಾರಿಯ ಫೋನು. ಇನ್ನೂ ಕರಡಿನಲ್ಲೇ ಇದ್ದ ಕೀಲಿಯ ಆ ಸಾಲಿಗೆ ‘ಸಾಧ್ಯವಾದಲ್ಲಿ’ ಎಂದು ಸೇರಿಸಿ, ಕಂಪನಿಯ ಸಲಹೆಯೆಂದು ದೆಹಲಿಗೆ ಕಳಿಸಬೇಕಂತೆ. ಹಾಗಾದರೆ ನಾಲ್ಕು ಕೀಲಿಯೂ ಮತ್ತೆ ಒಂದೇ ಕೈಗೆ. "ಒಕ್ಕ ಮಾಟೇ ಕದಂಡಿ," ಒಂದೇ ಒಂದು ಮಾತು ತಾನೇ, ಎಂದು ಬೆಣ್ಣೆಯಂತೆ ಕೇಳಿದರು.

"ಆಗಲ್ಲ ಸರ್," ಎಂದೆ.

ಬೇರೆಯವರಿಂದ ಮಾಡಿಸುತ್ತೇನೆ ಎಂದರು.

"ಮಾಡಿಸಿ ಸರ್. ನಾನು ಯಾಕೆ ಒಪ್ಪಲಿಲ್ಲ ಅಂತ ಇವತ್ತೇ ಸಮಿತಿಗೆ ಬರೀತೀನಿ."

ಫೋನಿಟ್ಟು ಚಹಾ ಲೋಟ ಕೆಳಗಿಟ್ಟೆ. ಚಿಂತೆ ಮುಗಿಯಲಿ ಎಂದು ಕಾಯಲಿಲ್ಲ; ಚಿಂತಿಸುತ್ತಲೇ ಬರೆದು ಕಳಿಸಿದೆ.